ಕಾಲು ನೋಯಲಿಲ್ಲ ಅಂತ ಹಿಗ್ಗಿದ್ದೆ: ಶ್ರೀಶೈಲಕ್ಕೆ ನಡೆದು ಹೊರಟಿರುವ ಶುಗರ್‌ನವರಿಗೆ

ನನ್ನ ಎಡಗಾಲಲ್ಲಿ ಈಗ ನಾಲ್ಕೇ ಬೆರಳು. ಹೆಬ್ಬೆರಳ ಪಕ್ಕದ್ದು ಹೋಯಿತು. ಅಪಘಾತ ಆಗಲಿಲ್ಲ, ಹಾವು ಕಚ್ಚಲಿಲ್ಲ. ಹೋದ ವರ್ಷ ಯುಗಾದಿಗೆ ಬಾಗಲಕೋಟೆಯಿಂದ ಶ್ರೀಶೈಲಕ್ಕೆ ನಡೆದುಕೊಂಡು ಹೋಗಿದ್ದೆ, ಅಷ್ಟೇ. ಈಗ ಮತ್ತೆ ಹೋಳಿ ಹತ್ತಿರ ಬಂತು. ಕಂಬಿ, ಅಂದರೆ ದೇವರ ಹೆಸರಲ್ಲಿ ಹೆಗಲ ಮೇಲೆ ಹೊತ್ತು ನಡೆಯುವ ಕಾವಡಿ, ಯಾವಾಗ ಹೊರಡುತ್ತದೆ ಅನ್ನೋ ಮಾತು ನಮ್ಮ ಓಣಿಯಲ್ಲಿ ಶುರುವಾಗಿದೆ. ಅರವತ್ತು ದಾಟಿದವರು, ಅದರಲ್ಲೂ ಶುಗರ್ ಇರುವವರು, ಹೊರಡುವ ಮೊದಲು ನನ್ನ ಕಥೆ ಓದಿಬಿಡಿ.

ನಾನು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದವನು. ಮೂವತ್ತಮೂರು ವರ್ಷ ಬಸ್ಸಿನಲ್ಲಿ ನಿಂತೇ ಕಳೆದೆ. ನಿವೃತ್ತಿ ಆದ ಮೇಲೆ ಒಮ್ಮೆ ಶ್ರೀಶೈಲದ ಮಲ್ಲಿಕಾರ್ಜುನ, ನಮ್ಮ ಮಲ್ಲಯ್ಯನ ಹತ್ತಿರ ನಡೆದು ಹೋಗಬೇಕು ಅಂತ ಹರಕೆ ಇತ್ತು. ಅದೂ ಬರಿಗಾಲಲ್ಲಿ. ವಯಸ್ಸು ಅರವತ್ನಾಲ್ಕು, ಶುಗರ್ ಬಂದು ಹನ್ನೆರಡು ವರ್ಷ. ಎರಡು ಹೊತ್ತು ಗುಳಿಗೆ ನುಂಗುತ್ತಿದ್ದೆ, ಆಯಿತು ಅಂದುಕೊಂಡಿದ್ದೆ. ಹೊರಡುವ ಮುನ್ನ ಡಾಕ್ಟ್ರಿಗೆ ತೋರಿಸಿ ಬನ್ನಿ ಅಂತ ಮನೆಯವಳು ಹತ್ತು ಸಲ ಹೇಳಿದಳು. ತೋರಿಸಿದೆ ಅಂತ ಸುಳ್ಳು ಹೇಳಿದೆ. ತೋರಿಸಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು, ಅಲ್ವಾ?

ನಮ್ಮ ಕಡೆಯವರಿಗೆ ಈ ದಾರಿ ಗೊತ್ತೇ ಇರುತ್ತದೆ. ಹೋಳಿ ಹುಣ್ಣಿಮೆಯಿಂದ ಯುಗಾದಿಗೆ ಹದಿನೈದು ದಿನ. ಬಾಗಲಕೋಟೆಯವರಿಗೆ ಬಣ್ಣ ಮುಗಿಯದೆ, ಹಲಗೆ ಸದ್ದು ನಿಲ್ಲದೆ ಊರು ಬಿಡುವ ಮನಸ್ಸೇ ಬರುವುದಿಲ್ಲ. ಹಾಗಾಗಿ ನಮಗೆ ಸಿಕ್ಕಿದ್ದು ಹನ್ನೆರಡು ದಿನ. ದಾರಿ ನಾನೂರು ಕಿಲೋಮೀಟರ್ ಆಸುಪಾಸು. ಅಮೀನಗಡ, ಹುನಗುಂದ, ಮುದಗಲ್ಲು, ಲಿಂಗಸುಗೂರು, ರಾಯಚೂರು, ತುಂಗಭದ್ರೆ ದಾಟಿ ಕರ್ನೂಲು, ಆತ್ಮಕೂರು, ಆಮೇಲೆ ನಲ್ಲಮಲೆ ಕಾಡು. ದಿನಕ್ಕೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಬಿತ್ತು. ಹೋಳಿ ಮುಗಿಸಿ ಗಡಿಬಿಡಿಯಲ್ಲಿ ಹೊರಡುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಒಂದು ದಿನ ಕುಂತರೆ ಗುಂಪು ಮುಂದೆ ಹೋಗಿಬಿಡುತ್ತದೆ.

ದಾಸೋಹದ ಬಗ್ಗೆ ಒಂದು ಮಾತು. ದಾರಿಯುದ್ದಕ್ಕೂ ಜನ ಕೈ ಹಿಡಿದು ಕೂರಿಸಿ ಬಡಿಸುತ್ತಾರೆ. ರೊಟ್ಟಿ, ಜುಣಕ, ಮಜ್ಜಿಗೆ ಇರುತ್ತದೆ. ಜೊತೆಗೆ ಸಿಹಿ: ಗೋಧಿ ಹುಗ್ಗಿ, ಮಾದಲಿ, ಬೆಲ್ಲದ ಪಾನಕ. ಅಮೀನಗಡದಲ್ಲಂತೂ ಯಾರೋ ಕರದಂಟು ಕೈಗಿಟ್ಟರು. ಬೇಡ ಅಂದರೆ ಮುಖ ಸಣ್ಣದು ಮಾಡುತ್ತಾರೆ. ನಡೆದರೆ ಶುಗರ್ ತಾನೇ ಇಳಿಯುತ್ತದೆ ಅಂತ ಜೊತೆಗಿದ್ದ ಒಬ್ಬರು ಹೇಳಿದರು. ನಾನು ರಾತ್ರಿಯ ಗುಳಿಗೆ ಬಿಟ್ಟೆ, ಹುಗ್ಗಿ ಬಿಡಲಿಲ್ಲ.

ಮುದಗಲ್ಲು ದಾಟುವ ಹೊತ್ತಿಗೆ ಗುಂಪಿನ ಹುಡುಗರೆಲ್ಲ ಕುಂಟುತ್ತಿದ್ದರು. ಮಾರ್ಚ್ ಬಿಸಿಲು, ಡಾಂಬರು ಹೆಂಚಿನಂತೆ ಕಾದಿತ್ತು. ಬರಿಗಾಲಿನ ಹರಕೆ ಹೊತ್ತ ಇಬ್ಬರು ಮೂರನೇ ದಿನವೇ ತಪ್ಪಾಯಿತು ಅಂತ ಕೈ ಮುಗಿದು ಚಪ್ಪಲಿ ಹಾಕಿಕೊಂಡರು. ನನಗೆ ಮಾತ್ರ ಏನೂ ಇಲ್ಲ. ಕಾಲು ಸ್ವಲ್ಪ ಜೋಮು ಹಿಡಿದಂತೆ, ಅರಿವೆ ಸುತ್ತಿಕೊಂಡು ನಡೆದಂತೆ. ಅದು ಹೊಸದೂ ಅಲ್ಲ, ಎರಡು ವರ್ಷದಿಂದ ಹಾಗೇ ಇತ್ತು. ಮನೆಯಲ್ಲಿ ಚಪ್ಪಲಿ ಕಾಲಿಂದ ಜಾರಿ ಹೋದರೂ ಗೊತ್ತಾಗುತ್ತಿರಲಿಲ್ಲ. ವಯಸ್ಸಾಯಿತಲ್ಲ ಅಂದುಕೊಂಡಿದ್ದೆ.

"ಕಂಡಕ್ಟರ್ ಕಾಕಾನ ಕಾಲಾಗ ಮಲ್ಲಯ್ಯನ ಕುಂತಾನ ನೋಡ್ರಿ" ಅಂತ ಒಬ್ಬ ಅಂದ. ಅವತ್ತಿನಿಂದ ಹೆಣ್ಣುಮಕ್ಕಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಲು ಶುರು ಮಾಡಿದರು. ನಾನೂ ಹಿಗ್ಗಿದೆ. ಯಾಕೆ ಹಿಗ್ಗಬಾರದು? ಇಪ್ಪತ್ತೈದರ ಹುಡುಗರು ಅಯ್ಯೋ ಅನ್ನುವಾಗ ನಾನು ಕಂಬಿಯ ಮುಂದೆ ನಡೆಯುತ್ತಿದ್ದೆ.

ರಾಯಚೂರು ಹತ್ತಿರ ಒಂದು ಸೇವಾ ಟೆಂಟು. ಪಾದಯಾತ್ರಿಗಳ ಕಾಲಿಗೆ ಬಿಸಿನೀರು ಹಾಕಿ, ಉಪ್ಪು ಅರಿಶಿನ ಬೆರೆಸಿ ತೊಳೆಯುತ್ತಿದ್ದರು. ಕಾಲೇಜು ಹುಡುಗ, ಬಾಳ ಭಕ್ತಿಯಿಂದ ಮಾಡುತ್ತಿದ್ದ. "ಬಿಸಿ ಜಾಸ್ತಿ ಆತೇನ್ರಿ ಅಜ್ಜಾರ?" ಅಂತ ಕೇಳಿದ. "ಏನೂ ಇಲ್ಲಪಾ, ಇನ್ನೊಂದ್ ತಂಬಿಗಿ ಹಾಕು" ಅಂದೆ. ಹತ್ತು ನಿಮಿಷ ಆರಾಮಾಗಿ ಕುಂತಿದ್ದೆ. ನಾನು ಎದ್ದ ಮೇಲೆ ಅದೇ ಬೋಗುಣಿಯಲ್ಲಿ ಇನ್ನೊಬ್ಬರು ಕಾಲಿಟ್ಟರು. ಇಟ್ಟವರು ಕಿರುಚಿ ಹೊರಗೆ ಜಿಗಿದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆ ರಾತ್ರಿ ಎರಡೂ ಪಾದದಲ್ಲಿ ದೊಡ್ಡ ದೊಡ್ಡ ಗುಳ್ಳೆ ಎದ್ದವು. ನಡೆದದ್ದಕ್ಕೆ ಅಂದುಕೊಂಡರು ಎಲ್ಲರೂ. ಗುಳ್ಳೆಗೆ ಪಾದಯಾತ್ರೆಯ ಔಷಧ ನಿಮಗೆ ಗೊತ್ತಲ್ಲ, ಸೂಜಿಯಲ್ಲಿ ದಾರ ಪೋಣಿಸಿ ಆರಪಾರ ಚುಚ್ಚಿ, ನೀರು ಇಳಿಯಲಿ ಅಂತ ದಾರ ಒಳಗೇ ಬಿಡುವುದು. ಒಂದೇ ಸೂಜಿ, ಸಾಲಾಗಿ ಎಂಟು ಜನರ ಕಾಲಿಗೆ. ನನ್ನದು ಏಳನೆಯದು.

ಮೂರು ದಿನ ಹಾಗೇ ನಡೆದೆ. ಕರ್ನೂಲು ದಾಟಿ ಒಂದು ಗುಡಿಯಲ್ಲಿ ವಸ್ತಿ ಮಾಡಿದ್ದೆವು. ಮುಂಜಾನೆ ನಾಲ್ಕಕ್ಕೆ ಬ್ಯಾಟರಿ ಹಿಡಿದು ಒಬ್ಬ ಹುಡುಗ ಕೂಗಿದ: "ನೆಲದ ಮ್ಯಾಲ ರಕ್ತದ ಹೆಜ್ಜಿ ಯಾರವಲೇ?" ಬಾವಿಯಿಂದ ಗುಡಿಯೊಳಗಿನ ತನಕ ಕಲ್ಲಿನ ಮೇಲೆ ಒಂದು ಪಾದದ ಗುರುತು. ಎಲ್ಲರೂ ತಮ್ಮ ತಮ್ಮ ಕಾಲು ಎತ್ತಿ ನೋಡಿಕೊಂಡರು. ನಾನು ನೋಡಿಕೊಳ್ಳಲೇ ಇಲ್ಲ. ನನಗೆ ನೋವೇ ಇರಲಿಲ್ಲವಲ್ಲ, ನನ್ನದು ಹೇಗಾದೀತು? ಹುಡುಗನೇ ಬಂದು ನನ್ನ ಕಾಲಿಗೆ ಬ್ಯಾಟರಿ ಬಿಟ್ಟ. ಬಿಟ್ಟವನು ಮಾತಾಡಲಿಲ್ಲ. ಬೆರಳ ಬುಡದಲ್ಲಿ ಚರ್ಮ ಸುಲಿದು, ಒಳಗೆ ಕಪ್ಪಾಗಿತ್ತು. ವಾಸನೆ ಬರುತ್ತಿತ್ತು.

ವಾಪಸ್ ಹೋಗಲು ಅದೇ ಸರಿಯಾದ ಜಾಗ. ಬಸ್ಸಿತ್ತು, ದವಾಖಾನೆ ಇತ್ತು. ನಾನು ಮಾಡಿದ್ದೇನು? ಒಂದು ಔಷಧ ಅಂಗಡಿಗೆ ಹೋದೆ. ಅವರು ಶುಗರ್ ಇದೆಯೇ ಅಂತ ಕೇಳಲಿಲ್ಲ, ನಾನು ಹೇಳಲಿಲ್ಲ. ಪಟ್ಟಿ ಕಟ್ಟಿ ನಾಲ್ಕು ಗುಳಿಗೆ ಕೊಟ್ಟು, ನಿಧಾನ ನಡೀರಿ ಅಂದರು. ನನ್ನ ಚೀಲದಲ್ಲಿ ಮನೆಯವಳು ಕೊಟ್ಟ ಇಳಕಲ್ ಸೀರೆ, ಅರಿಶಿನ ಕುಂಕುಮ, ಬಳೆ ಇತ್ತು. ಮಲ್ಲಯ್ಯನ ಹೆಂಡತಿ ಭ್ರಮರಾಂಬೆ ನಮ್ಮ ಮನೆಮಗಳು, ಮಗಳ ಮನೆಗೆ ಬರಿಗೈಯಲ್ಲಿ ಹೋಗುತ್ತಾರೆಯೇ? ಇನ್ನು ನಾಲ್ಕು ದಿನ, ಮುಟ್ಟಿಸಿಬಿಡೋಣ ಅಂದುಕೊಂಡೆ.

ಕಾಡಿನ ವಿಷಯ ಹೊಸಬರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ವೆಂಕಟಾಪುರದಿಂದ ಒಳಗೆ ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ಬಾಗಿಲು. ಹುಲಿ ಇರುವ ಕಾಡು, ಕಲ್ಲು ದಾರಿ, ಹೆಚ್ಚಿನ ಕಡೆ ಫೋನ್ ಹತ್ತುವುದಿಲ್ಲ. ಗಾಡಿ ಒಳಗೆ ಬರುವುದೇ ಇಲ್ಲ. ನಮ್ಮ ಗುಂಪಿನ ಮುಖಂಡರು ತಲೆಗಿಷ್ಟು ಅಂತ ರೊಕ್ಕ ಎತ್ತುವಾಗ "ಟೆಂಪೋ ಯಾವಾಗಲೂ ಜೊತೆಗೇ ಇರುತ್ತದೆ" ಅಂದಿದ್ದರು. ಅದು ಆತ್ಮಕೂರಿನಿಂದ ದೋರ್ನಾಲ ಸುತ್ತಿ ಘಾಟಿನ ರಸ್ತೆಯಲ್ಲಿ ಹೋಯಿತು. ನನ್ನ ಶುಗರ್ ಗುಳಿಗೆ ಅದರಲ್ಲೇ ಹೋದವು. ಔಷಧ ಕೈಚೀಲದಲ್ಲಿ ಇಟ್ಟುಕೊಳ್ಳಿ ಅಂತ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಭೀಮನಕೊಳ್ಳದಲ್ಲಿ ಚಳಿಜ್ವರ ಬಂತು. ಆ ಬಿಸಿಲಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. ಅಲ್ಲಿಂದ ಮುಂದೆ ಕಡಿದಾದ ಏರು. ನಾಲ್ಕು ಹುಡುಗರು ಜಮಖಾನದಲ್ಲಿ ಜೋಲಿ ಕಟ್ಟಿ ನನ್ನನ್ನು ಹೊತ್ತರು. ಅವರ ಕಾಲಲ್ಲೂ ಗುಳ್ಳೆ ಇದ್ದವು, ಅವು ನೋಯುತ್ತಿದ್ದವು. ಅವರು ಏದುಸಿರು ಬಿಡುವುದು ಕೇಳುತ್ತಾ ಮಲಗಿದ್ದೆ. ಈ ಕಥೆಯಲ್ಲಿ ನನಗೆ ಇವತ್ತಿಗೂ ನಾಚಿಕೆ ಅನ್ನಿಸುವುದು ಅದೊಂದೇ. ಮೇಲೆ ಹೋದ ಮೇಲೆ ಗಾಡಿ ಸಿಕ್ಕಿತು. ದರ್ಶನ ಆಗಲಿಲ್ಲ. ಸೀರೆ ಆ ಹುಡುಗರ ಕೈಯಲ್ಲೇ ಮುಟ್ಟಿತು.

ಬಾಗಲಕೋಟೆಯ ದವಾಖಾನೆಗೆ ಬಂದಾಗ ಶುಗರ್ 400ರ ಹತ್ತಿರ. ಹದಿನೆಂಟು ದಿನ ಮಲಗಿದೆ. ಸೋಂಕು ಮೂಳೆಗೆ ಇಳಿದಿತ್ತು, ಬೆರಳು ತೆಗೆದರು. ಶುಗರ್ ಏರಿದರೆ ಗಾಯ ಕೊಳೆಯುತ್ತದೆ, ಗಾಯ ಕೊಳೆತರೆ ಶುಗರ್ ಇನ್ನೂ ಏರುತ್ತದೆ, ಒಂದಕ್ಕೊಂದು ಗಂಟು ಬಿದ್ದಿದ್ದವು ಅಂದರು ಡಾಕ್ಟ್ರು. ಆಮೇಲೆ ಒಂದು ನೈಲಾನ್ ಎಳೆ ತಂದರು. ಕಣ್ಣು ಮುಚ್ಚಿಸಿ ಪಾದದ ಬೇರೆ ಬೇರೆ ಕಡೆ ಒತ್ತಿ, ಮುಟ್ಟಿದಾಗ ಹೇಳಿ ಅಂದರು. ನಾನು ಕಾಯುತ್ತಲೇ ಇದ್ದೆ. ಇನ್ನೂ ಶುರು ಮಾಡಲಿಲ್ಲವೇ ಅಂತ ಕೇಳಿದೆ. "ಮುಗೀತ್ರಿ ಯಜಮಾನ್ರ" ಅಂದರು.

ಶುಗರ್‌ನಿಂದ ಕಾಲಿನ ನರ ಸತ್ತಿದ್ದವು. ಹೆಣ್ಣುಮಕ್ಕಳು ನಮಸ್ಕಾರ ಮಾಡಿದ್ದು ಅದಕ್ಕೆ.

ಆ ಎಳೆಯ ಪರೀಕ್ಷೆಗೆ ಐದು ನಿಮಿಷವೂ ಬೇಡ. ಹೊರಡುವ ಹಿಂದಿನ ದಿನ ಅಲ್ಲ, ಒಂದೆರಡು ತಿಂಗಳ ಮೊದಲೇ ಮಾಡಿಸಿಕೊಳ್ಳಿ. ನಡೆಯುವಾಗ ಗುಳಿಗೆ ಎಷ್ಟು, ಊಟ ಎಷ್ಟು ಅಂತ ಆಗಲೇ ಕೇಳಿ. ನನ್ನ ಹಾಗೆ ಸ್ವಂತ ಬುದ್ಧಿಯಿಂದ ಬಿಡಬೇಡಿ. ಗುಳಿಗೆ ನುಂಗಿ ಉಪವಾಸ ನಡೆದು ಶುಗರ್ ಇಳಿದು ಬಿದ್ದವರೂ ಇದ್ದಾರೆ. ಸ್ಪರ್ಶ ಕಡಿಮೆ ಇದ್ದರೆ ಬರಿಗಾಲಿನ ಹರಕೆ ಬೇಡವೇ ಬೇಡ. ಹರಕೆಯನ್ನು ಬೇರೆ ರೀತಿ ತೀರಿಸುವ ದಾರಿ ನಿಮ್ಮ ಸ್ವಾಮಿಗಳನ್ನೇ ಕೇಳಿ, ನಮ್ಮವರು ಬಸ್ಸಿನಲ್ಲಿ ಹೋಗಿ ಬಾ ಅಂದುಬಿಟ್ಟರು. ಬಿಸಿನೀರಿಗೆ ಕಾಲಿಡುವ ಮುಂಚೆ ಮೊಣಕೈ ಇಟ್ಟು ನೋಡಿ. ಬಿಳಿ ಸಾಕ್ಸ್ ಹಾಕಿ, ರಕ್ತ ಬಂದರೆ ಕಾಣುತ್ತದೆ. ಚುಚ್ಚಲು ಸೂಜಿ ಹಿಡಿದು ಬಂದವರಿಗೆ ಕೈ ಮುಗಿದು ಕಳಿಸಿ. ರಾತ್ರಿ ಮಲಗುವ ಮುನ್ನ ಒಂದು ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಬಾಗಲು ಆಗದಿದ್ದರೆ ಜೊತೆಯವರಿಗೆ ಹೇಳಿ. ಕಪ್ಪು ಬಣ್ಣ, ವಾಸನೆ, ಜ್ವರ, ಮೂರರಲ್ಲಿ ಒಂದು ಕಂಡರೂ ಕಾಡು ಹೊಗಬೇಡಿ.

ಮೊನ್ನೆ ನಮ್ಮ ಪಕ್ಕದ ಮನೆಯ ಮಾಸ್ತರು ಬಂದಿದ್ದರು. ಅವರಿಗೂ ಶುಗರ್. ಈ ವರ್ಷ ಹೊರಡುತ್ತಾರಂತೆ. ಇದನ್ನೆಲ್ಲ ಹೇಳಿದೆ. ಚಹಾ ಕುಡಿದು ನಕ್ಕು, "ನನಗೇನು ಭಯ ಇಲ್ಲ ಬಿಡ್ರಿ. ದಿನಾ ಐದ್ ಕಿಲೋಮೀಟರ್ ನಡೀತೀನಿ, ಕಾಲು ಒಂಚೂರೂ ನೋಯಂಗಿಲ್ಲ" ಅಂದರು.

"ಮಾಸ್ತರ, ಚಪ್ಪಲ್ ಬಿಡ್ರಿ, ಕಾಲು ಮ್ಯಾಲ ಎತ್ರಿ" ಅಂದೆ. ಮನೆಯವಳು ಕನ್ನಡಿ ತಂದಳು.