ಯಾಂಗ್ಟ್ಸೆ ಕಮರಿಗಳ ಹಡಗುಯಾನ: ಮುಳುಗಡೆ ಸೀಮೆಯವರು ಕಂಡಂತೆ

ಚೀನಾದ ಚೊಂಗ್‌ಚಿಂಗ್ ನಗರದಿಂದ ಯಾಂಗ್ಟ್ಸೆ ನದಿಯ ಹರಿವಿನ ಗುಂಟ ಯಿಚಾಂಗ್ ಕಡೆಗೆ ಇಳಿಯುವ ಮೂರು ರಾತ್ರಿ, ನಾಲ್ಕು ಹಗಲುಗಳ ಹಡಗುಯಾನವನ್ನು ಮೇ ತಿಂಗಳಿನಲ್ಲಿ ನಾನೂ ನನ್ನ ಅಕ್ಕನೂ ಮುಗಿಸಿ ಬಂದೆವು. ನಮ್ಮದು ಸಾಗರ ತಾಲ್ಲೂಕಿನ ಹೊಳೆದಂಡೆಯ ಮನೆತನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅಜ್ಜನ ಮನೆ, ಅಡಿಕೆ ತೋಟ, ಗದ್ದೆ ಎಲ್ಲವೂ ಶರಾವತಿಯ ಹಿನ್ನೀರಿನ ಪಾಲಾದವು. ಸಿಗಂದೂರಿನ ಸೇತುವೆ ಬಂದದ್ದು 2025ರಲ್ಲಿ. ಅಲ್ಲಿಯವರೆಗೆ ನೆಂಟರ ಮನೆಗೆ ಹೋಗಬೇಕೆಂದರೆ ಹೊಳೆಬಾಗಿಲಿನ ದಡದಿಂದ ಹೊರಡುವ ಲಾಂಚೇ ಗತಿಯಾಗಿತ್ತು. ಈ ಯಾನವನ್ನು ನಾನು ತೂಗಿ ನೋಡುವ ತಕ್ಕಡಿ ಅದೇ ಹಿನ್ನೀರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹಡಗಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕೋಣೆ ಚೊಕ್ಕಟವಾಗಿತ್ತು, ಪ್ರತಿ ಕೋಣೆಗೂ ನದಿಯ ಕಡೆಗೆ ಬಾಲ್ಕನಿ ಇತ್ತು, ಇಂಜಿನ್ನಿನ ಸದ್ದು ನಿದ್ದೆ ಕೆಡಿಸುವಷ್ಟಿರಲಿಲ್ಲ. ಎರಡನೆಯ ಬೆಳಿಗ್ಗೆ ಪರದೆ ಸರಿಸಿದಾಗ ಕಂಡದ್ದೇ ಬೇರೆ. ತ್ರೀ ಗಾರ್ಜಸ್ ಜಲಾಶಯದ ನೀರನ್ನು ಚಳಿಗಾಲದ ಹೊತ್ತಿಗೆ ಸಮುದ್ರಮಟ್ಟದಿಂದ 175 ಮೀಟರಿನವರೆಗೆ ತುಂಬಿಸಿ, ಮಳೆಗಾಲದ ನೆರೆಗೆ ಜಾಗ ಮಾಡಿಕೊಡಲು ಜೂನ್ ವೇಳೆಗೆ 145 ಮೀಟರಿಗೆ ಇಳಿಸುತ್ತಾರೆ. ಮೇ ತಿಂಗಳಿನಲ್ಲಿ ನೀರು ಇಳಿಯುತ್ತಿರುವುದರಿಂದ ಎರಡೂ ದಂಡೆಗಳಲ್ಲಿ ಗಿಡವಿಲ್ಲದ ಬೋಳು ಪಟ್ಟೆಯೊಂದು ಮೈಲಿಗಟ್ಟಲೆ ಹಾಸಿಕೊಂಡಿರುತ್ತದೆ. ನಮ್ಮ ಹಿನ್ನೀರು ಬೇಸಿಗೆಯಲ್ಲಿ ತಗ್ಗಿ, ಕೆಂಪು ಮಣ್ಣು, ಕಪ್ಪಾದ ಮರದ ಬೊಡ್ಡೆಗಳು, ನೀರು ಇನ್ನೂ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುವುದನ್ನು ನೋಡಿದವರಿಗೆ ಈ ಪಟ್ಟೆ ಹೊಸದಲ್ಲ. ಅಕ್ಕ ಕಂಬಿಗೆ ಒರಗಿ, "ಥೇಟ್ ನಮ್ಮ ಹೊಳೆಬಾಗಿಲು ಕಣೇ" ಎಂದಳು.

ಮೂರು ಕಮರಿಗಳಲ್ಲಿ ಮೊದಲನೆಯದಾದ ಚೂತಾಂಗ್ ಕೇವಲ 8 ಕಿಲೋಮೀಟರ್ ಉದ್ದದ್ದು, ಆದರೆ ಮೂರರಲ್ಲಿ ಎದೆ ನಡುಗಿಸುವಂಥದ್ದು ಅದೇ. ಅದರ ಬಾಯಿಯಲ್ಲಿರುವ ಕ್ವೇಮೆನ್ ಎಂಬ ಹೆಬ್ಬಂಡೆಗಳ ಚಿತ್ರ ಚೀನಾದ ಹತ್ತು ಯುವಾನ್ ನೋಟಿನ ಹಿಂಬದಿಯಲ್ಲಿದೆ. ಹಡಗು ಹತ್ತಿರವಾದಂತೆ ಎಲ್ಲರೂ ನೋಟನ್ನು ಎತ್ತಿ ಹಿಡಿದು ಬಂಡೆಗೆ ಹೊಂದಿಸಿ ನೋಡುತ್ತಾರೆ. ಪಕ್ಕದ ಬೈದಿಚೆಂಗ್ ಗುಡ್ಡ ಹಿಂದೆ ದಂಡೆಗೆ ಅಂಟಿಕೊಂಡಿತ್ತಂತೆ, ಈಗ ದ್ವೀಪ. ವೂ ಕಮರಿ ಸುಮಾರು 45 ಕಿಲೋಮೀಟರ್ ಉದ್ದವಾಗಿದ್ದು, ಮಂಜಿನೊಳಗೆ ಒಂದರ ಹಿಂದೊಂದು ಗುಡ್ಡ ಕಾಣುವ ರೀತಿ ಆಷಾಢದ ಆಗುಂಬೆಯನ್ನು ನೆನಪಿಸಿತು. ಇಲ್ಲಿಯೇ ನನ್ನ ದೊಡ್ಡ ತಕರಾರು ಇರುವುದು. ಮುಂಭಾಗದ ಮೇಲಿನ ಅಟ್ಟವನ್ನು ಹೆಚ್ಚುವರಿ ಹಣ ಕೊಟ್ಟವರಿಗಷ್ಟೇ ತೆರೆದಿದ್ದರು, ಮತ್ತು ಈ ಸಂಗತಿಯನ್ನು ಟಿಕೆಟ್ ಕಾದಿರಿಸುವಾಗ ಯಾರೂ ತಿಳಿಸಿರಲಿಲ್ಲ. ಕಮರಿಗಳನ್ನು ನೋಡಲೆಂದೇ ಬಂದವರಿಗೆ ಕಮರಿ ಬಂದಾಗ ಬಾಗಿಲು ಹಾಕುವುದು ಸರಿಯಲ್ಲ. ಮೂರನೆಯದಾದ ಶೀಲಿಂಗ್ ಕಮರಿಯ ಒಂದು ಭಾಗ ಅಣೆಕಟ್ಟಿನ ಕೆಳಗಿದೆ. ನಮ್ಮ ಹಡಗು ಅಣೆಕಟ್ಟಿಗೆ ಮೊದಲೇ ನಿಂತು, ಅಲ್ಲಿಂದ ಮುಂದೆ ಬಸ್ಸಿನಲ್ಲಿ ಕಳಿಸಿದ್ದರಿಂದ ಆ ಭಾಗವನ್ನು ನಾವು ಹಡಗಿನಿಂದ ನೋಡಲಿಲ್ಲ. ಮೂರೂ ಕಮರಿಗಳನ್ನು ಪೂರ್ತಿ ನೋಡಬೇಕೆನ್ನುವವರು ಹಡಗು ಎಲ್ಲಿಯವರೆಗೆ ಹೋಗುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಕೊಟ್ಟ ದುಡ್ಡಿಗೆ ಪೂರ್ತಿ ನ್ಯಾಯ ಸಿಕ್ಕಿದ್ದು ಬದೊಂಗ್ ಬಳಿಯ ಶೆನ್ನೊಂಗ್ ಹೊಳೆಯಲ್ಲಿ. ದೊಡ್ಡ ಹಡಗಿನಿಂದ ಸಣ್ಣ ಹಡಗಿಗೆ, ಅಲ್ಲಿಂದ ಬಟಾಣಿ ಕಾಯಿಯಂತೆ ಎರಡೂ ತುದಿ ಮೊನಚಾದ ಮರದ ದೋಣಿಗೆ ಹತ್ತಿಸುತ್ತಾರೆ. ಹಿಂದಿನ ಕಾಲದಲ್ಲಿ ಹರಿವಿಗೆ ಎದುರಾಗಿ ದೋಣಿಗಳನ್ನು ದಂಡೆಯ ಮೇಲಿಂದ ಹಗ್ಗ ಹಾಕಿ ಎಳೆಯುತ್ತಿದ್ದವರ ಕಸುಬನ್ನು ಇಲ್ಲಿ ಸ್ವಲ್ಪ ದೂರ ಮಾಡಿ ತೋರಿಸುತ್ತಾರೆ. ನಮ್ಮ ದೋಣಿಯ ಮುಂದೆ ಹಗ್ಗ ಹಿಡಿದವರಿಗೆಲ್ಲ ಅರವತ್ತರ ಮೇಲಿನ ವಯಸ್ಸು. ಹಗ್ಗ ಭುಜದ ಮೇಲಿನ ಬಟ್ಟೆಯನ್ನು ಉಜ್ಜಿ ಉಜ್ಜಿ ಅಲ್ಲಿ ನೂಲೆಳೆಗಳು ಬಿಟ್ಟುಕೊಂಡಿದ್ದವು. ಮುಂದಾಳು ಒಂದು ಕೂಗು ಹಾಕಿದ ಕೂಡಲೇ ಅಷ್ಟೂ ಜನ ಒಟ್ಟಿಗೆ ನೆಲದ ಕಡೆಗೆ ಬಾಗುತ್ತಿದ್ದರು. ಮಾರ್ಗದರ್ಶಿಯಾಗಿ ಬಂದ ಹುಡುಗಿಯನ್ನು ಮೊಬೈಲಿನ ಅನುವಾದದ ಮೂಲಕ ಅಕ್ಕ ಅವಳ ಊರಿನ ಬಗ್ಗೆ ಕೇಳಿದಳು. ಹಳೆಯ ಬದೊಂಗ್ ಪಟ್ಟಣ ನೀರಿನಡಿ ಇದೆ, ಈಗಿನದು ಮೇಲೆ ಗುಡ್ಡದ ಓರೆಯಲ್ಲಿ ಕಟ್ಟಿದ್ದು, ತನ್ನ ಅಜ್ಜ ಮನೆ ಬಿಡುವ ಮುನ್ನ ಕಿತ್ತಳೆ ಗಿಡದ ಕಡ್ಡಿಗಳನ್ನು ಕೊಯ್ದು ಮೇಲೆ ತಂದು ಕಸಿ ಕಟ್ಟಿದ್ದ ಎಂದಳು. ನಮ್ಮ ಅಜ್ಜನೂ ಅದನ್ನೇ ಮಾಡಿದ್ದ. ಅಪ್ಪೆಮಿಡಿ ಹೊಳೆಯ ದಂಡೆಯ ಮರ. ಶರಾವತಿ ನಿಂತಾಗ ಒಳ್ಳೆಯ ತಳಿಗಳೆಷ್ಟೋ ಹೋದವು, ಅಜ್ಜ ತಂದ ಕಡ್ಡಿಯಲ್ಲಿ ಒಂದೇ ಒಂದು ಬದುಕಿತು. ಆ ಮರದ ಮಿಡಿಯ ಉಪ್ಪಿನಕಾಯಿಯೇ ನಮ್ಮ ಕೋಣೆಯಲ್ಲಿತ್ತು.

ಕೊನೆಯ ದಿನ ಬೇರೆ ಹಡಗು ಹತ್ತಿ ಅಣೆಕಟ್ಟಿನ ಹಡಗು-ಲಿಫ್ಟಿನಲ್ಲಿ ಇಳಿಯಲು ಪ್ರತ್ಯೇಕ ಹಣ ಕೊಡಬೇಕು, ಆದರೂ ಅದನ್ನು ತಪ್ಪಿಸಿಕೊಳ್ಳಬಾರದು. 3,000 ಟನ್ನಿನವರೆಗಿನ ಹಡಗನ್ನು ನೀರು ತುಂಬಿದ ತೊಟ್ಟಿಯ ಸಮೇತ ಗರಿಷ್ಠ 113 ಮೀಟರ್ ಏರಿಳಿಸುವ ಈ ಯಂತ್ರ ಕೆಲಸ ಶುರುಮಾಡಿದ್ದು 2016ರಲ್ಲಿ. ಜೋಗದ 253 ಮೀಟರಿನ ಅರ್ಧಕ್ಕೂ ಕಡಿಮೆ ಎತ್ತರವಾದರೂ, ಒದ್ದೆಯಾದ ಕಾಂಕ್ರೀಟ್ ಗೋಡೆ ಕೈಗೆಟಕುವಷ್ಟು ಸಮೀಪದಲ್ಲಿ ಸದ್ದಿಲ್ಲದೆ ಮೇಲಕ್ಕೆ ಸರಿಯುತ್ತಾ ಹೋದಾಗ ನಾವು ಇಳಿಯುತ್ತಿದ್ದೇವೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಅಣೆಕಟ್ಟಿನ ಉದ್ದ ಸುಮಾರು 2.3 ಕಿಲೋಮೀಟರ್, ಲಿಂಗನಮಕ್ಕಿಯೂ ಎರಡು ಕಿಲೋಮೀಟರಿಗಿಂತ ಉದ್ದದ್ದೇ. ವಿದ್ಯುತ್ತಿನಲ್ಲಿ ಮಾತ್ರ ಹೋಲಿಕೆಯೇ ಇಲ್ಲ: ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್, ಇಲ್ಲಿಯದು 22,500.

ಇಷ್ಟೆಲ್ಲ ಅಂಕಿಗಳನ್ನು ಹಡಗಿನ ಧ್ವನಿವರ್ಧಕ ಹೆಮ್ಮೆಯಿಂದ ಹೇಳಿತು. ಆದರೆ ಈ ನೀರಿಗಾಗಿ ಸುಮಾರು 13 ಲಕ್ಷ ಜನ ಮನೆ ಬಿಟ್ಟರೆಂಬ ಮಾತು ನಾಲ್ಕು ದಿನಗಳಲ್ಲಿ ಅದರಿಂದ ಒಮ್ಮೆಯೂ ಬರಲಿಲ್ಲ. ಆ ಹುಡುಗಿಗೆ ತಿಳಿದದ್ದನ್ನು ಹಡಗಿನವರೂ ಹೇಳಬಹುದಿತ್ತು, ಹೇಳಬೇಕಿತ್ತು. ಈ ಒಂದು ಕಾರಣಕ್ಕೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಸಸ್ಯಾಹಾರಿಗಳು ಊಟದ ವಿಚಾರದಲ್ಲಿ ಸ್ವಲ್ಪ ಹೊಂದಿಕೊಳ್ಳಬೇಕಾಗುತ್ತದೆ. ಅನ್ನ, ಬಾಡಿಸಿದ ಸೊಪ್ಪು, ತೋಫು, ಹಣ್ಣು ದಿನವೂ ಇರುತ್ತವೆ, ಆದರೆ ಸೊಪ್ಪಿಗೂ ಮಾಂಸದ ಕೊಬ್ಬು ಹಾಕುವುದುಂಟು, ಹಾಗಾಗಿ ಪ್ರತಿ ಸಲವೂ ಕೇಳಲೇಬೇಕು. ಅಲ್ಲಿಯ ಮೆಣಸು ನಮ್ಮ ಜುಮ್ಮನಕಾಯಿಯ ಕುಲದ್ದೇ; ನಾಲಿಗೆ ಜುಮ್ಮೆಂದರೆ ಗಾಬರಿಯಾಗಬೇಡಿ. ನಗದು ನಡೆಯುವುದು ಅಪರೂಪವಾದ್ದರಿಂದ ಊರಿನಲ್ಲಿರುವಾಗಲೇ ಅಲಿಪೇಗೆ ಕಾರ್ಡ್ ಜೋಡಿಸಿಕೊಳ್ಳಿ. ಹಡಗಿನ ವೈಫೈನಲ್ಲಿ ವಾಟ್ಸಾಪ್ ತೆರೆಯುವುದಿಲ್ಲ, ನಮ್ಮ ಸಿಮ್ಮಿನ ರೋಮಿಂಗ್ ಇದ್ದರೆ ತೆರೆಯುತ್ತದೆ. ತುಂಬಿದ ನೀರು, ವೂ ಕಮರಿಯ ಕೆಂಪೆಲೆಗಳು ಬೇಕೆನ್ನುವವರಿಗೆ ನವೆಂಬರ್ ಒಳ್ಳೆಯದು. ನೀರು ಏನನ್ನು ಮುಚ್ಚಿದೆ ಎಂದು ದಂಡೆಯಲ್ಲಿ ಹುಡುಕುವ ನಮ್ಮಂಥವರು ಮೇ ತಿಂಗಳಿನಲ್ಲೇ ಹೋಗಬೇಕು.