ದುಡ್ಡು ಕನ್ನಡಿಗೆ ಹೋಗಲಿ: ಸ್ಕೈವಾಚರ್ ಹೆರಿಟೇಜ್ 130ಪಿ ಟೆಲಿಸ್ಕೋಪ್

ಚಳ್ಳಕೆರೆಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ನನ್ನ ಹತ್ತಿರ ಟೆಲಿಸ್ಕೋಪ್ ಇರುವುದು ಗೊತ್ತಾದವರು ಬಂದು ಮೊದಲು ಕೇಳುವುದು, "ಅಣ್ಣಾ, ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೆ?" ಪೆಟ್ಟಿಗೆ ಮೇಲೆ 525 ಪಟ್ಟು ಅಂತ ದಪ್ಪಕ್ಷರದಲ್ಲಿ ಬರೆದ 70 ಮಿ.ಮೀ. ಟೆಲಿಸ್ಕೋಪ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಆ ಸಂಖ್ಯೆ ನೋಡಿ ಕೊಳ್ಳಬೇಡಿ. ಬೆಳಕು ಹಿಡಿಯುವ ಲೆನ್ಸ್ ಅಥವಾ ಕನ್ನಡಿ ಎಷ್ಟು ಮಿ.ಮೀ. ಅಗಲವೋ ಹೆಚ್ಚುಕಮ್ಮಿ ಅದರ ಎರಡು ಪಟ್ಟೇ ಮಿತಿ. 70ಕ್ಕೆ 140. ಅದರಾಚೆ ಚಿತ್ರ ದೊಡ್ಡದಾಗುತ್ತದೆ, ಜೊತೆಗೆ ಮಸುಕೂ ಆಗುತ್ತದೆ.

ಅದಕ್ಕೇ ನಾನು ಕನ್ನಡಿಯ ಅಗಲ ನೋಡಿ ಹೆರಿಟೇಜ್ 130ಪಿ ತಗೊಂಡೆ. ಕನ್ನಡಿ 130 ಮಿ.ಮೀ., ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬೆಳಕು ಸೇರುವ ಜಾಗಕ್ಕಿರುವ ದೂರ, 650 ಮಿ.ಮೀ. 70 ಮಿ.ಮೀ.ಗೆ ಹೋಲಿಸಿದರೆ ಮೂರು ಪಟ್ಟಿಗಿಂತ ಜಾಸ್ತಿ ಬೆಳಕು ಹಿಡಿಯುತ್ತದೆ. ಹೆಸರಿನಲ್ಲಿರುವ 'ಪಿ' ಅಂದರೆ ಪ್ಯಾರಾಬೋಲಿಕ್ ಕನ್ನಡಿ, ಬೆಳಕನ್ನೆಲ್ಲ ಒಂದೇ ಕಡೆ ಸೇರಿಸುವ ಆಕಾರ. ಜೊತೆಗೆ 25 ಮತ್ತು 10 ಮಿ.ಮೀ. ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಲೆನ್ಸ್ ಬರುತ್ತವೆ. 650ನ್ನು ಅವುಗಳಿಂದ ಭಾಗಿಸಿದರೆ 26 ಪಟ್ಟು, 65 ಪಟ್ಟು. ಶುರು ಮಾಡುವವರಿಗೆ ಇಷ್ಟು ಧಾರಾಳ ಸಾಕು. ನನಗೆ 25,000 ರೂಪಾಯಿಯೊಳಗೆ ಸಿಕ್ಕಿತು. ಹೊರದೇಶದಿಂದ ಬರುವ ಮಾಲು, ಬೆಲೆ ಏರಿಳಿಯುತ್ತಿರುತ್ತದೆ.

ಇದಕ್ಕೆ ಮೂರು ಕಾಲಿನ ಎತ್ತರದ ಸ್ಟ್ಯಾಂಡ್ ಇಲ್ಲ. ಮರದ ಹಲಗೆಯ ಪೀಠದ ಮೇಲೆ ಕೂತಿರುತ್ತದೆ. ಅಡ್ಡಡ್ಡ ತಿರುಗಿಸಿ, ಮೇಲೆ ಕೆಳಗೆ ಎತ್ತಿ, ಅಷ್ಟೇ. ಈ ಸರಳ ಪೀಠಕ್ಕೆ ಡಾಬ್ಸೋನಿಯನ್ ಅನ್ನುತ್ತಾರೆ. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಸೊಸೈಟಿಯ ಆಶ್ರಮಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿ ಇದ್ದವರು. ಪ್ಲೈವುಡ್, ರಟ್ಟಿನ ಕೊಳವೆ, ಹಳೇ ಗಾಜು ಸೇರಿಸಿ ಟೆಲಿಸ್ಕೋಪ್ ಮಾಡಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಆಕಾಶ ತೋರಿಸುತ್ತಿದ್ದರು. ದುಡ್ಡು ಸ್ಟ್ಯಾಂಡಿಗೆ ಹೋಗದೆ ಕನ್ನಡಿಗೆ ಹೋಗುವ ಈ ಏರ್ಪಾಡಿಗೆ ನಾವು ಅವರನ್ನು ನೆನೆಯಬೇಕು.

ಆದರೆ ಪೀಠ ಗಿಡ್ಡ, ಅದನ್ನಿಡಲು ಗಟ್ಟಿ ಸ್ಟೂಲ್ ಬೇಕೇ ಬೇಕು. ಪ್ಲಾಸ್ಟಿಕ್ ಸ್ಟೂಲ್ ಮೇಲಿಟ್ಟರೆ ಮುಟ್ಟಿದಾಗೆಲ್ಲ ಗ್ರಹ ಕುಣಿಯುತ್ತದೆ. ನಾನು ಬಡಗಿ ಹತ್ತಿರ ಮೂರು ಕಾಲಿನ ಸ್ಟೂಲ್ ಮಾಡಿಸಿದೆ. ತಾರಸಿ ಸಮ ಇಲ್ಲದಿದ್ದರೂ ಮೂರು ಕಾಲು ಅಲುಗಾಡುವುದಿಲ್ಲ.

ಫೋಕಸ್ ಮಾಡುವುದು ಇಲ್ಲಿ ನಾಬ್ ತಿರುಗಿಸಿ ಅಲ್ಲ, ಐಪೀಸ್ ಕೂರುವ ಕೊಳವೆಯನ್ನೇ ಬಾಟಲಿ ಮುಚ್ಚಳದಂತೆ ತಿರುಗಿಸಬೇಕು. ಅದರ ತಿರುಪಿನ ಸುತ್ತುಗಳ ನಡುವೆ ತುಸು ಸಡಿಲ ಇರುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಎರಡು ಸುತ್ತು ಹಾಕಿದರೆ ಬೆಣ್ಣೆಯಂತೆ ತಿರುಗುತ್ತದೆ. ಟೆಲಿಸ್ಕೋಪ್ ಕೊಳವೆಯ ಮೇಲರ್ಧ ಬರೀ ಎರಡು ಸರಳು, ಸುತ್ತ ಬಯಲು. ಬೀದಿ ದೀಪದ ಬೆಳಕು ನೇರ ಒಳಗೆ ನುಗ್ಗುತ್ತದೆ. ಕಪ್ಪು ಡ್ರಾಯಿಂಗ್ ಶೀಟ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕನ್ನಡಿಗಳು ಸಾಗಾಟದಲ್ಲಿ ಕೊಂಚ ವಾಲಬಹುದು. ಒಂದು ನಕ್ಷತ್ರ ಹಿಡಿದು ಬೇಕಂತಲೇ ಫೋಕಸ್ ತಪ್ಪಿಸಿ. ಕಾಣುವ ಬಳೆಗಳು ಒಂದರೊಳಗೊಂದು ನಡುಮಧ್ಯೆ ಕೂತಿದ್ದರೆ ಸರಿ, ಒಂದು ಕಡೆಗೆ ಸರಿದಿದ್ದರೆ ಸ್ಕ್ರೂ ತಿರುಗಿಸಿ ಕೂರಿಸಬೇಕು.

ಚಂದ್ರನನ್ನು ಹುಣ್ಣಿಮೆ ದಿನ ನೋಡಬೇಡಿ, ಚಪ್ಪಟೆ ಕಾಣುತ್ತಾನೆ. ಅಷ್ಟಮಿ ಆಸುಪಾಸಿನಲ್ಲಿ, ಬೆಳಕು ಕತ್ತಲು ಸೇರುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ. ಗುರು ಗ್ರಹದ ಎರಡು ಪಟ್ಟೆ, ಗೆಲಿಲಿಯೋ 1610ರಲ್ಲಿ ಕಂಡ ನಾಲ್ಕು ಚಂದ್ರರು ಸಲೀಸಾಗಿ ಕಾಣುತ್ತವೆ. ಶನಿಯ ಬಳೆ 2025ರ ಮಾರ್ಚ್‌ನಲ್ಲಿ ನಮಗೆ ಅಂಚಾಗಿ ತಿರುಗಿತ್ತು, ಇನ್ನು ಕೆಲವು ವರ್ಷ ಅಗಲವಾಗುತ್ತಾ ಹೋಗುತ್ತದೆ. 65 ಪಟ್ಟಿನಲ್ಲಿ ಗ್ರಹ ಎರಡು-ಮೂರು ನಿಮಿಷಕ್ಕೆ ಜಾರಿ ಹೋಗುತ್ತದೆ, ತಳ್ಳುತ್ತಾ ಇರಬೇಕು. ಆಂಡ್ರೊಮಿಡಾ ಗ್ಯಾಲಕ್ಸಿ ಬೂದು ಮಬ್ಬು ಅಷ್ಟೇ, ಫೋಟೋದ ಬಣ್ಣ ಇಲ್ಲ. ಆದರೆ 25 ಲಕ್ಷ ವರ್ಷ ಪ್ರಯಾಣ ಮಾಡಿದ ಬೆಳಕು ಅದು!

ನನಗೆ ತುಂಬಾ ಇಷ್ಟವಾದದ್ದು ಸಪ್ತರ್ಷಿ ಮಂಡಲದ ವಸಿಷ್ಠ-ಅರುಂಧತಿ. ಬರಿಗಣ್ಣಿಗೆ ಜೋಡಿ. ಟೆಲಿಸ್ಕೋಪ್‌ನಲ್ಲಿ ವಸಿಷ್ಠನೇ ಎರಡು ನಕ್ಷತ್ರವಾಗಿ ಬಿಡಿಸಿಕೊಳ್ಳುತ್ತಾನೆ. ಅಮ್ಮನಿಗೆ ತೋರಿಸಿದೆ. "ಮದುವೆಯಲ್ಲಿ ಪುರೋಹಿತರು ಹಗಲು ಹೊತ್ತು ಕೈ ತೋರಿಸಿದ್ದರು, ಕಂಡಿತು ಅಂತ ತಲೆಯಾಡಿಸಿದ್ದೆ. ಈಗ ನೋಡಿದೆ ನೋಡು" ಅಂದರು.

ಯಾವುದು ಎಲ್ಲಿದೆ ಅಂತ ಹುಡುಕಲು ಮೊಬೈಲಿನಲ್ಲಿ ಸ್ಟೆಲೇರಿಯಂ ಅನ್ನುವ ಆಕಾಶ ನಕ್ಷೆಯ ಆ್ಯಪ್ ಸಾಕು. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಹಗಲು ಮುಚ್ಚಳ ಹಾಕಿ ಒಳಗಿಡಿ.

ಗ್ಯಾಲಕ್ಸಿಗಳ ಫೋಟೋ ತೆಗೆಯುವ ಆಸೆಯಿದ್ದರೆ ಇದು ಬೇಡ. ಅದಕ್ಕೆ ನಕ್ಷತ್ರದ ಜೊತೆ ತಾನೇ ತಿರುಗುವ ಪೀಠ (ಮೌಂಟ್) ಬೇಕು, ಖರ್ಚು ಬೇರೆಯೇ. ಕಣ್ಣಿಂದ ನೋಡಬೇಕು ಅನ್ನುವವರು ಇದನ್ನೇ ತಗೊಳ್ಳಿ. ಕೈಯಲ್ಲಿ ಸ್ವಲ್ಪ ದುಡ್ಡು ಉಳಿದರೆ ಮುಂದೆ 6 ಮಿ.ಮೀ. ಐಪೀಸ್ ಒಂದು ಸೇರಿಸಿಕೊಳ್ಳಿ, ಶನಿ ಇನ್ನೂ ಚೆನ್ನಾಗಿ ಕಾಣುತ್ತದೆ.