ಗೇರ್ ಬದಲಿಸುವ ಪಾಠ: ತುಮಕೂರಿನ ಒಂದು ಖಾಸಗಿ ಚಾಲನಾ ತರಗತಿಯ ವಿಮರ್ಶೆ

ತುಮಕೂರಿನಲ್ಲಿ ಡ್ರೈವಿಂಗ್ ಶಾಲೆಗಳಿಗೆ ಕೊರತೆಯಿಲ್ಲ. ಆದರೆ ಗಾಡಿ ಆಫ್ ಆಗದಂತೆ ಹೊರಡಿಸುವುದು, ರಿವರ್ಸ್ ತೆಗೆಯುವುದು, ಮೂರನೇ ಗೇರಿನವರೆಗೆ ಹೋಗುವುದು, ಇಷ್ಟನ್ನು ಕಲಿಸಿ ಲೈಸೆನ್ಸ್ ಕೈಗೆ ಬರುವಂತೆ ಮಾಡಿದರೆ ಅವುಗಳ ಕೆಲಸ ಮುಗಿಯುತ್ತದೆ. ಲೈಸೆನ್ಸ್ ಈಗಾಗಲೇ ಇದ್ದು, ಹೆಚ್ಚು ಶಕ್ತಿಯ ಮ್ಯಾನುವಲ್ ಕಾರನ್ನು ಕೊಂಡು, ಅದರ ಗೇರುಗಳನ್ನು ಜರ್ಕ್ ಇಲ್ಲದೆ ಬದಲಿಸಲು ಕಲಿಯಬಯಸುವವರಿಗೆ ಕ್ಯಾತ್ಸಂದ್ರದ ಕಡೆ ಇರುವ ಒಬ್ಬ ನಿವೃತ್ತ ಬಸ್ ಚಾಲಕರು ಭಾನುವಾರದ ಬೆಳಗ್ಗೆ ಪಾಠ ಹೇಳುತ್ತಾರೆ. ಫಲಕವಿಲ್ಲ, ಜಾಹೀರಾತಿಲ್ಲ. ಹೆಸರು ಬರೆಯಬಾರದೆಂದು ಕೇಳಿಕೊಂಡಿರುವುದರಿಂದ ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಶಿಷ್ಯರು ಕರೆಯುವುದೂ ಹಾಗೆಯೇ.

ಪಾಠ ನಡೆಯುವುದು ಕಲಿಯುವವರ ಸ್ವಂತ ಕಾರಿನಲ್ಲಿ. ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್. 2022ರಲ್ಲಿ ಈ ಕಾರು ಮಾರುಕಟ್ಟೆಗೆ ಬಂದಾಗ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ಗೆ ಡಿಎಸ್‌ಜಿ ಆಟೊಮ್ಯಾಟಿಕ್ ಮಾತ್ರ ಇತ್ತು; ಆರು ಗೇರಿನ ಮ್ಯಾನುವಲ್ ಬಂದದ್ದು 2023ರಲ್ಲಿ. 150 ಪಿಎಸ್ ಶಕ್ತಿಗಿಂತ ಈ ಪಾಠಕ್ಕೆ ಮುಖ್ಯವಾದದ್ದು 1600 ಆರ್‌ಪಿಎಂನಿಂದಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಸಿಗುವ 250 ಎನ್‌ಎಂ ಟಾರ್ಕ್, ಅಂದರೆ ಎಂಜಿನ್‌ನ ತಿರುಗಿಸುವ ಬಲ. ಸಣ್ಣ ಎಂಜಿನ್‌ನ ಕಾರಿನಲ್ಲಿ ಕ್ಲಚ್ ಬಿಡುವಾಗ ಪಾದ ಸ್ವಲ್ಪ ಆಚೀಚೆಯಾದರೂ ಅದು ತೋರಿಸಿಕೊಳ್ಳುವುದಿಲ್ಲ. ಇಷ್ಟು ಬೇಗ ಎಳೆಯುವ ಎಂಜಿನ್ ಮಾತ್ರ ಆ ವ್ಯತ್ಯಾಸವನ್ನು ಹಿಂದೆ ಕುಳಿತವರ ಕುತ್ತಿಗೆಯವರೆಗೂ ಮುಟ್ಟಿಸುತ್ತದೆ. ಹೀಗಾಗಿ, ಸಾಧಾರಣ ಕಾರನ್ನು ವರ್ಷಗಟ್ಟಲೆ ಓಡಿಸಿದವರಿಗೂ ಇಂಥ ಕಾರಿನಲ್ಲಿ ಮೊದಲಿನಿಂದ ಕಲಿಯಬೇಕಾದದ್ದು ಸಾಕಷ್ಟಿರುತ್ತದೆ.

ಮೇಷ್ಟ್ರು ಮೊದಲು ಗಮನಿಸುವುದು ಗೇರನ್ನಲ್ಲ, ಸೀಟನ್ನು. ಕ್ಲಚ್ ಪೆಡಲನ್ನು ಪೂರ್ತಿ ಒತ್ತಿದಾಗಲೂ ಎಡಮೊಣಕಾಲು ಸ್ವಲ್ಪ ಮಡಚಿಯೇ ಇರಬೇಕು, ಪೆಡಲ್ ಹಿಡಿಯಲು ಸೊಂಟ ಜಾರಬಾರದು, ಕ್ಲಚ್ ಬಳಸದಿರುವಾಗ ಪಾದ ಪಕ್ಕದ ಡೆಡ್ ಪೆಡಲಿನ ಮೇಲಿರಬೇಕು. ಇಷ್ಟು ಸರಿಯಾಗುವವರೆಗೆ ಅವರು ಕೀಲಿ ತಿರುಗಿಸಲು ಬಿಡುವುದಿಲ್ಲ. ದಪ್ಪ ಅಡಿಯ ಶೂ ಹಾಕಿಕೊಂಡು ಬಂದವರನ್ನು ಬರಿಗಾಲಿನಲ್ಲಿ ಕೂರಿಸಿದ್ದನ್ನೂ ನೋಡಿದ್ದೇನೆ, ಅದು ಸ್ವಲ್ಪ ಅತಿಯೆನಿಸಿತು.

ನಂತರ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಅಗಲವಾದ, ರಜಾದಿನ ಬೆಳಗ್ಗೆ ಹೆಚ್ಚುಕಡಿಮೆ ಖಾಲಿಯಿರುವ ರಸ್ತೆಗಳಲ್ಲಿ ಅಭ್ಯಾಸ ಶುರುವಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚೊಂದನ್ನೇ ಬಿಡುತ್ತಾ ಗಾಡಿ ಹೊರಡಿಸಬೇಕು. ಕ್ಲಚ್ ಪ್ಲೇಟು ಹಿಡಿಯಲಾರಂಭಿಸುವ ಜಾಗದಲ್ಲಿ ಎಂಜಿನ್ನಿನ ದನಿ ಸ್ವಲ್ಪ ಕುಗ್ಗುತ್ತದೆ, ಮುಂಭಾಗ ಕೂದಲೆಳೆಯಷ್ಟು ಏಳುತ್ತದೆ. ಅಲ್ಲಿ ಪಾದವನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿ, ಚಕ್ರ ಉರುಳತೊಡಗಿದ ಮೇಲಷ್ಟೇ ಉಳಿದ ಕ್ಲಚ್ ಬಿಡಬೇಕು. "ಅರ್ಧಕ್ಕೆ ಬಂದಾಗ ಅವಸರ ಬೇಡ ಸ್ವಾಮಿ, ಅಲ್ಲೇ ಎಲ್ಲ ಇರೋದು" ಎನ್ನುತ್ತಾ ಅವರು ಕಣ್ಣು ಮುಚ್ಚಿ ಕೂರುತ್ತಾರೆ. ಅವರ ತಲೆ ಸೀಟಿನ ಒರಗಿನಿಂದ ಮುಂದಕ್ಕೆ ಬಂತೆಂದರೆ ಮತ್ತೆ ಮೊದಲಿನಿಂದ ಶುರು. ಮೀಟರ್ ನೋಡಿ ಕಲಿಯುವುದಕ್ಕಿಂತ ಈ ವಿಧಾನ ಎಷ್ಟೋ ಉತ್ತಮ ಎಂಬುದು ನನ್ನ ಅಭಿಪ್ರಾಯ. ಕ್ಲಚ್ ಹಿಡಿಯುವ ಬಿಂದು ಕಣ್ಣಿಗೆ ಕಾಣುವಂಥದ್ದಲ್ಲ, ಅದನ್ನು ಕಿವಿ ಮತ್ತು ಪಾದ ಸೇರಿಯೇ ಕಂಡುಕೊಳ್ಳಬೇಕು.

ಈ ತರಗತಿಯ ನಿಜವಾದ ಬೆಲೆ ಇರುವುದು ಚಲಿಸುವಾಗ ಗೇರ್ ಏರಿಸುವ ಪಾಠದಲ್ಲಿ. ಜರ್ಕಿಗೆ ಕೈಯೇ ಕಾರಣ, ಲಿವರನ್ನು ಬೇಗ ತಳ್ಳಿದರೆ ಕೆಲಸ ಚುರುಕಾಗಿ ಮುಗಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಆದರೆ ಕಾರು ಕುಲುಕುವುದು ಎಂಜಿನ್ನಿನ ವೇಗಕ್ಕೂ ಹೊಸ ಗೇರು ಕೇಳುವ ವೇಗಕ್ಕೂ ಅಂತರವಿರುವಾಗ ಕ್ಲಚ್ ಬಿಡುವುದರಿಂದ. ಎರಡು ಗೇರುಗಳ ಅನುಪಾತ ಮೂರಕ್ಕೆ ಎರಡರಷ್ಟಿದೆ ಎಂದುಕೊಂಡರೆ, ಎರಡನೇ ಗೇರಿನಲ್ಲಿ 3000 ಆರ್‌ಪಿಎಂ ಇದ್ದ ಎಂಜಿನ್ ಅದೇ ವೇಗದಲ್ಲಿ ಮೂರನೇ ಗೇರಿಗೆ 2000ಕ್ಕೆ ಇಳಿದಿರಬೇಕು. ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಹೊಗೆಯ ನಿಯಮಗಳನ್ನು ಪಾಲಿಸಲು ಎಂಜಿನ್ ಕಂಪ್ಯೂಟರ್ ಥ್ರಾಟಲನ್ನು, ಅಂದರೆ ಗಾಳಿ ಒಳಬಿಡುವ ಕವಾಟವನ್ನು, ನಿಧಾನವಾಗಿ ಮುಚ್ಚುವುದರಿಂದ, ಆಕ್ಸಿಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ ತಟ್ಟನೆ ಇಳಿಯುವುದಿಲ್ಲ. ಆದ್ದರಿಂದ ಕೈಯನ್ನು ಅವಸರಪಡಿಸಿದಷ್ಟೂ ಜರ್ಕ್ ಹೆಚ್ಚುತ್ತದೆ. ಮೇಷ್ಟ್ರು ಈ ವಿವರಣೆಯನ್ನು ಕೊಡುವುದಿಲ್ಲ, ಆದರೆ ಅದರ ಪರಿಹಾರವನ್ನು ಕಾಲಿಗೆ ಕಲಿಸಿಬಿಡುತ್ತಾರೆ: ಕ್ಲಚ್ ಒತ್ತುವ ಹೊತ್ತಿಗೇ ಆಕ್ಸಿಲರೇಟರ್ ಬಿಡುವುದು, ಲಿವರನ್ನು ನ್ಯೂಟ್ರಲ್‌ಗೆ ತಂದು ಒಂದು ಕ್ಷಣ ಬಿಡುವು ಕೊಟ್ಟು ಮುಂದಿನ ಗೇರಿಗೆ ಒಯ್ಯುವುದು, ಕ್ಲಚ್ ಹಿಡಿಯುವಾಗಲೇ ಬಲಗಾಲಿನಿಂದ ಸ್ವಲ್ಪ ರೈಸ್ ಕೊಡುವುದು.

ಲಿವರ್ ಹಿಡಿಯುವ ರೀತಿಯ ಬಗ್ಗೆ ಅವರ ಕಟ್ಟುನಿಟ್ಟು ನನಗೆ ಹಿಡಿಸಿತು. ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ನ್ಯೂಟ್ರಲ್‌ವರೆಗೆ ತಂದು ಹಿಡಿತ ಸಡಿಲಿಸಿದರೆ ಒಳಗಿನ ಸ್ಪ್ರಿಂಗೇ ಅದನ್ನು ಮೂರು ಮತ್ತು ನಾಲ್ಕರ ಸಾಲಿಗೆ ತಂದು ನಿಲ್ಲಿಸುತ್ತದೆ, ಅಲ್ಲಿಂದ ಅಂಗೈಯಲ್ಲಿ ಮುಂದಕ್ಕೆ ನೂಕಿದರೆ ಸಾಕು. "ಗೇರನ್ನ ಹೊಡೀಬೇಡಿ, ದಾರಿ ಬಿಡಿ, ಅದೇ ಹೋಗುತ್ತೆ." ಇದು ಬರೀ ನಾಜೂಕಿನ ಪ್ರಶ್ನೆಯಲ್ಲ. ಮೂರರಿಂದ ನಾಲ್ಕಕ್ಕೆ ಎಳೆಯುವಾಗ ಮುಷ್ಟಿ ಬಿಗಿಹಿಡಿದು ತಮ್ಮಿಂದ ಆಚೆಗೆ, ಎಡಕ್ಕೆ ನೂಕಿಬಿಡುವವರು ಎರಡನೇ ಗೇರಿಗೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ಮಿತಿಮೀರಿದ ವೇಗಕ್ಕೆ ತಿರುಗಿಸಿಬಿಡುತ್ತವೆ. ಎಂಜಿನ್ ವೇಗಕ್ಕೆ ಮಿತಿ ಹಾಕುವ ರೆವ್ ಲಿಮಿಟರ್ ಇಂಧನವನ್ನು ಕಡಿತಗೊಳಿಸಬಲ್ಲದೇ ಹೊರತು ಈ ಅನಾಹುತವನ್ನು ತಡೆಯಲಾರದು. ಗೇರ್ ಲಿವರಿನ ಮೇಲೆ ಕೈಯಿಟ್ಟುಕೊಂಡೇ ಓಡಿಸುವ ಚಾಳಿಯನ್ನೂ ಅವರು ಸಹಿಸುವುದಿಲ್ಲ. ಆ ಭಾರ ಒಳಗೆ ಗೇರು ಸೇರಿಸುವ ಸೆಲೆಕ್ಟರ್ ಫೋರ್ಕಿಗೆ ತಗುಲಿ ಅದು ಸವೆಯುತ್ತದೆ ಎಂಬುದು ನಿಜವಾದ್ದರಿಂದ ಅದಕ್ಕೆ ಬೈಸಿಕೊಂಡವರು ಬೇಸರಪಡಬೇಕಾಗಿಲ್ಲ.

ಗೇರ್ ಇಳಿಸುವ ಪಾಠಕ್ಕೆ ದೇವರಾಯನದುರ್ಗದ ರಸ್ತೆ. ನಾಮದ ಚಿಲುಮೆ ದಾಟಿದ ಮೇಲೆ ಬರುವ ಕಾಡಿನ ಹಾದಿಯೂ ಭೋಗ ನರಸಿಂಹನ ಗುಡಿಯಿಂದ ಯೋಗ ನರಸಿಂಹನ ಗುಡಿಯ ಕಡೆಗೆ ಏರುವ ತಿರುವುಗಳೂ ಇದಕ್ಕೆ ಹೇಳಿ ಮಾಡಿಸಿದಂತಿವೆ, ಕೋತಿಗಳ ಕಾಟವೊಂದನ್ನು ಬಿಟ್ಟರೆ. ಎಂಜಿನ್ನಿಗೆ ಕಸುವಿದೆಯೆಂದು ಮೂರರಲ್ಲೇ ತಿರುವು ಏರಲು ಹೋದರೆ ಆರ್‌ಪಿಎಂ 1500ಕ್ಕಿಂತ ಕೆಳಗಿಳಿದು ಟರ್ಬೊ ಸುಮ್ಮನಾಗುತ್ತದೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ವೇಗ ಇಳಿಸಿ, ಕ್ಲಚ್ ಒತ್ತಿ, ಆಕ್ಸಿಲರೇಟರಿಗೆ ಒಂದು ಚಿಕ್ಕ ಗುಟುಕು ರೈಸ್ ಕೊಟ್ಟು, ಎಂಜಿನ್ ಎರಡನೇ ಗೇರಿನ ವೇಗಕ್ಕೆ ಏರಿದ ಕ್ಷಣದಲ್ಲೇ ಕ್ಲಚ್ ಬಿಡಬೇಕು. ಸರಿಯಾದ ಲೆಕ್ಕದಲ್ಲಿ ಬಿಟ್ಟರೆ ಆರ್‌ಪಿಎಂ ಮುಳ್ಳು ಏರಿದಲ್ಲೇ ನಿಲ್ಲುತ್ತದೆ, ಮೇಲೂ ಹೋಗುವುದಿಲ್ಲ, ಕೆಳಗೂ ಬೀಳುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಎಂಜಿನ್ನಿನ ದನಿ ಬದಲಾದದ್ದು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಮಾತೆತ್ತಿದರೆ ಮೇಷ್ಟ್ರು ಗಾಡಿ ನಿಲ್ಲಿಸಿ ಇಳಿದುಬಿಡುವ ಸ್ವಭಾವದವರು. ಅದು ಅಪಾಯ ಮಾತ್ರವಲ್ಲ, ಉಳಿತಾಯವೂ ಅಲ್ಲ. ಗೇರಿನಲ್ಲಿ ಇಳಿಯುವಾಗ ಇಂದಿನ ಎಂಜಿನ್‌ಗಳು ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಐಡಲ್ ಆಗಿ ಉರಿಸುತ್ತಲೇ ಇರುತ್ತವೆ.

ಇನ್ನು ಒಪ್ಪಲಾಗದ ಸಂಗತಿಗಳು. ಮೇಷ್ಟ್ರು ಕಲಿತದ್ದು ಸಿಂಕ್ರೊಮೆಶ್, ಅಂದರೆ ಒಂದಕ್ಕೊಂದು ಸೇರುವ ಗೇರಿನ ಭಾಗಗಳ ವೇಗಗಳನ್ನು ಹೊಂದಿಸುವ ವ್ಯವಸ್ಥೆ, ಇಲ್ಲದ ಹಳೆಯ ಬಸ್ಸುಗಳಲ್ಲಿ. ಅಲ್ಲಿ ಡಬಲ್ ಕ್ಲಚ್ ಮಾಡದೆ, ಅಂದರೆ ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಮತ್ತೆ ಒತ್ತದೆ ಗೇರು ಬೀಳುತ್ತಲೇ ಇರಲಿಲ್ಲ. ಇಂದಿನ ಕಾರುಗಳ ಗೇರ್‌ಬಾಕ್ಸಿನಲ್ಲಿ ಶಂಕುವಿನಾಕಾರದ ಸಿಂಕ್ರೊ ರಿಂಗುಗಳು ಉಜ್ಜಿಕೊಂಡು ಆ ವೇಗಗಳನ್ನು ತಾವೇ ಹೊಂದಿಸುವುದರಿಂದ, ಪ್ರತಿ ಸಲವೂ ಡಬಲ್ ಕ್ಲಚ್ ಮಾಡಬೇಕೆಂಬ ಅವರ ಹಟಕ್ಕೆ ಆಧಾರವಿಲ್ಲ. ಡಿಸೆಂಬರಿನ ಚಳಿಯಲ್ಲಿ ಗೇರ್ ಆಯಿಲ್ ಗಟ್ಟಿಯಾಗಿ ಎರಡನೇ ಗೇರು ತೊಡಕುವಾಗ ಅದರಿಂದ ಪ್ರಯೋಜನವಿದೆ, ಅಷ್ಟೇ. ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ಅದನ್ನು ಪಾಲಿಸುವುದೆಂದರೆ ಎಡಗಾಲಿಗೆ ಎರಡು ಪಟ್ಟು ದುಡಿಮೆ.

ಹೀಲ್ ಅಂಡ್ ಟೋ, ಅಂದರೆ ಬಲಪಾದದಲ್ಲಿ ಬ್ರೇಕ್ ಒತ್ತಿಕೊಂಡೇ ಅದರ ಅಂಚಿನಿಂದ ಆಕ್ಸಿಲರೇಟರಿಗೆ ರೈಸ್ ಕೊಡುವ ವಿದ್ಯೆ, ಅವರ ಬಳಿ ಸಿಗುವುದಿಲ್ಲ. ಕೇಳಿದರೆ ನಕ್ಕು ಮಾತು ಬದಲಿಸುತ್ತಾರೆ. ಸಮಯಪಾಲನೆಯೂ ಅಷ್ಟಕ್ಕಷ್ಟೆ: ಮದುವೆ ದಿಬ್ಬಣದ ಬಸ್ಸಿಗೆ ಚಾಲಕರು ಬೇಕಾದರೆ ಶನಿವಾರ ರಾತ್ರಿ ಫೋನ್ ಬರುತ್ತದೆ, ಪಾಠ ಮುಂದಿನ ವಾರಕ್ಕೆ ಹೋಗುತ್ತದೆ. ಶುಲ್ಕ ಸಾಮಾನ್ಯ ಡ್ರೈವಿಂಗ್ ಶಾಲೆಗಿಂತ ಹೆಚ್ಚು. ಆದರೂ ಹಾಫ್ ಕ್ಲಚ್‌ನಲ್ಲೇ ಓಡಿಸುವ ಅಭ್ಯಾಸದಿಂದ ಕ್ಲಚ್ ಪ್ಲೇಟು ಸುಟ್ಟುಕೊಂಡವರು ಸರ್ವಿಸ್ ಸೆಂಟರಿನಲ್ಲಿ ಕಟ್ಟುವ ಬಿಲ್ಲಿನ ಮುಂದೆ ಅದು ದುಬಾರಿಯೆನಿಸಲಿಲ್ಲ.

ದಿನನಿತ್ಯದ ರಸ್ತೆಯಲ್ಲಿ ಶಕ್ತಿಯುತ ಕಾರನ್ನು ಹಿಂದಿನ ಸೀಟಿನ ಅಮ್ಮನಿಗೆ ನಿದ್ದೆ ಹೋಗುವಂತೆ ಓಡಿಸಬೇಕು ಎನ್ನುವವರಿಗೆ ಈ ಪಾಠವನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಲರ್ನಿಂಗ್ ಲೈಸೆನ್ಸ್‌ನವರನ್ನು ಅವರು ಸೇರಿಸಿಕೊಳ್ಳುವುದಿಲ್ಲ. ನಿಮ್ಮ ಕಾರಿನಲ್ಲಿ ಅವರ ಕಡೆಗೆ ಬ್ರೇಕ್ ಇರುವುದಿಲ್ಲವಾದ್ದರಿಂದ ಅದು ಸರಿಯೂ ಹೌದು, ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಂಡೇ ಹೋಗಿ. ಹೀಲ್ ಅಂಡ್ ಟೋ ಕಲಿಯಬೇಕೆಂದೇ ಹೊರಟವರು ಮಾತ್ರ ದೇವರಾಯನದುರ್ಗದ ತಿರುವುಗಳಲ್ಲಿ ಪ್ರಯೋಗ ಮಾಡದೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ನಡೆಯುವ ತರಬೇತಿಯನ್ನು ವಿಚಾರಿಸುವುದು ಒಳ್ಳೆಯದು.